ಬಾಯಿ ತೆರೆಯದ ಸುಳ್ಳು

ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರು ಹೇಳಿಬಿಡುತ್ತದೆ. ಇದು ಮಟಮಾರಿಯ ಮಕ್ಕಳಿಗೂ ಗೊತ್ತು. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಚಿತ್ರರಂಗದ ಮಾದಕವಸ್ತು ತನಿಖೆಯಲ್ಲಿ, ಪರೀಕ್ಷೆಗೆ ಕೊಟ್ಟ ಮೂತ್ರಕ್ಕೇ ನೀರು ಬೆರೆಸಿದ ಆರೋಪ ಕೇಳಿಬಂದಿತ್ತು.

ಇದನ್ನು ಹಿಡಿಯುವ ಬಗೆಯೂ ಹಾಲಿನದೇ. ಮೊದಲ ಸಾಕ್ಷಿ ಕಾವು: ಆಗತಾನೇ ಕೊಟ್ಟ ಮೂತ್ರ ನಾಲ್ಕು ನಿಮಿಷದೊಳಗೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ತಣ್ಣೀರು ಬಿದ್ದರೆ ಇಳಿಯುತ್ತದೆ. ಆಮೇಲೆ ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್. ಅದು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದು, ಸಾಪೇಕ್ಷ ಸಾಂದ್ರತೆಯೂ 1.003ಕ್ಕಿಂತ ಕೆಳಗಿದ್ದರೆ, ಅಮೆರಿಕದ ಸರಕಾರಿ ನಿಯಮದಂತೆ ಮಾದರಿ ‘ತೆಳು’.

ಬಾಯಿಯನ್ನೇ ತೆರೆದಿಲ್ಲ, ಸುಳ್ಳು ಹೇಗಾದೀತು ಎನ್ನುವಿರಾ? ಕೃತಿಯಿಂದಲೂ ಸುಳ್ಳಾಡಬಹುದೆಂದು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಬರೆದಿದ್ದಾರೆ. ಒಪ್ಪತಕ್ಕ ಮಾತು.

ಆದರೆ ಬಿಸಿಲಿಗೆ ಚೊಂಬುಗಟ್ಟಲೆ ನೀರು ಕುಡಿದವನ ಮೂತ್ರವೂ ತೆಳುವಾಗುತ್ತದೆ. (ನಮ್ಮ ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ!) ಆದ್ದರಿಂದ ಪ್ರಯೋಗಾಲಯ ‘ತೆಳು’ ಎಂದಷ್ಟೇ ಬರೆಯುತ್ತದೆ, ‘ಕಳ್ಳ’ ಎಂದು ಬರೆಯುವುದಿಲ್ಲ; ಮತ್ತೊಂದು ಮಾದರಿ ಕೇಳುವುದೂ ಉಂಟು. ರಾತ್ರಿ ತಡವಾಗಿ, ಕಣ್ಣು ಕೆಂಪಾಗಿ ಮನೆಗೆ ಬಂದ ಮಗನನ್ನು ನೀವು ಎರಡನೆಯ ಸಲ ಕೇಳಿದಿರಾ?