ಕಾಯುವವರು

ಕನ್ನಡ ಪಾಠ ಹೇಳುವವನಿಗೆ ಒಂದು ದುರಭ್ಯಾಸ ಅಂಟಿಕೊಂಡಿರುತ್ತದೆ. ಎದುರಿಗಿದ್ದವರು ಕಷ್ಟ ತೋಡಿಕೊಳ್ಳುತ್ತಿದ್ದರೂ ಇವನ ಕಿವಿ ಅವರಾಡಿದ ಶಬ್ದದ ಮೇಲಿರುತ್ತದೆ. ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ನನ್ನನ್ನು ತಡೆದು, “ಸರ, ಆಯಿ ನಿಮ್ಮ ಸಭೇದಾಕಿ ಅಲ್ಲೇನ್ರೀ? ಮೂರು ಐತವಾರ ಆತು, ಹಾಸಿಗಿ ಹಿಡದು ನಿಮ್ಮವರ ಹಾದಿ ಕಾಯಾಕತ್ತ್ಯಾಳ” ಎಂದಳು. ಆಗ ನಾಚಿಕೆಗಿಂತ ಮೊದಲು ನನ್ನ ಮನಸ್ಸಿಗೆ ಬಂದದ್ದು ‘ಕಾಯು’ ಎಂಬ ಕ್ರಿಯಾಪದ. ನಾಚಿಕೆ ಆಮೇಲೆ ಬಂದಿತು; ಬಂದದ್ದು ಇನ್ನೂ ಹೋಗಿಲ್ಲ.

ಊರು ಯಾವುದೆಂದು ಹೇಳಲಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕರ ಸೀಮೆಯೊಳಗಿನದು ಎಂದರೆ ಸಾಕು. ಹೆಸರು ಬರೆದರೆ ಜಗಳ ಮತ್ತೆ ಹೊಸದಾದೀತು. 1820ರಲ್ಲಿ ಲಂಡನ್ ಮಿಶನ್ ಬೆಳಗಾವಿಗೂ, 1837ರಲ್ಲಿ ಬಾಸೆಲ್ ಮಿಶನ್ ಧಾರವಾಡಕ್ಕೂ ಬಂದವು. ಇವೆರಡರ ನಡುವಿನ ಈ ಎರೆನೆಲದಲ್ಲಿ ಕ್ರೈಸ್ತರ ಮನೆಗಳು ಮೊದಲಿನಿಂದಲೂ ಅಲ್ಲೊಂದು ಇಲ್ಲೊಂದು. 1876–78ರ ಮಹಾ ಬರಗಾಲದಲ್ಲಿ ಮಿಶನ್ನಿನವರು ಎಷ್ಟೋ ತಬ್ಬಲಿ ಮಕ್ಕಳನ್ನು ಸಾಕಿದರು. ಅಂಥ ಮಗುವಿಗೆ ಸೋದರಮಾವನೂ ಸಭೆಯೇ, ತವರುಮನೆಯೂ ಸಭೆಯೇ. ನಮ್ಮಲ್ಲಿ ‘ಸಭೆ’ ಎಂದರೆ ಭಾಷಣ ಕೇಳಲು ಕೂಡಿದ ಮಂದಿಯಲ್ಲ, ಬಳಗ.

ಆಯಿ ಆ ಬಳಗದ ಬಳ್ಳಿಯಂತಿದ್ದಳು. ನನ್ನ ತಾಯಿ ಬೀಸಲು ಕೂಡುವ ಮುನ್ನ ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕುವಳು. ಆ ಹಿಡಿಜೋಳವನ್ನು ಮನೆಮನೆಗೆ ಹೋಗಿ ಕೂಡಿಸಿ, ಇಲ್ಲದವರ ಮನೆಗೆ ಸದ್ದಿಲ್ಲದೆ ಮುಟ್ಟಿಸುವವಳು ಆಯಿ. ಯಾರ ಒಲೆ ಹೊತ್ತಿಲ್ಲ, ಯಾರ ಸೊಸೆ ಅತ್ತಿದ್ದಾಳೆ ಎಂಬುದು ಪಾದ್ರಿಗಳಿಗಿಂತ ಮೊದಲು ಆಕೆಗೆ ಗೊತ್ತಿರುತ್ತಿತ್ತು. ಸುಗ್ಗಿಹಬ್ಬದ ದಿನ ಗುಡಿಯಲ್ಲಿ ಹರಾಜಿಗಿಟ್ಟ ಕುಂಬಳಕಾಯಿಯನ್ನು ಯಾರು ಹಟದಿಂದ ಹೆಚ್ಚಿನ ಬೆಲೆಗೆ ಕೂಗಿದರೆಂದು ವರುಷವಿಡೀ ಹೇಳಿ ನಗುವಳು. ಅಂಥವಳ ಸ್ಥಳ ಮೂರು ರವಿವಾರ ಬರಿದಾಗಿತ್ತು, ಯಾರೂ ನೋಡಲಿಲ್ಲ.

ನೋಡಲಿಲ್ಲವೆಂದರೆ ಪೂರ್ತಿ ಸತ್ಯವಾಗದು. ನಾನು ನೋಡಿದ್ದೆ. ಸಭೆ ಆಗ ಎರಡು ಪಕ್ಷವಾಗಿತ್ತು. ಕಾರಣ ಹೇಳಿಕೊಳ್ಳುವಂಥದಲ್ಲ, ಲೆಕ್ಕದ ಪುಸ್ತಕ ಯಾರ ವಶದಲ್ಲಿರಬೇಕೆಂಬ ವಾದ. ಆಯಿ ಬಾರದ್ದನ್ನು ಕಂಡು ‘ಆ ಕಡೆಗೆ ಸೇರಿದಳು’ ಎಂದುಕೊಂಡೆ. ಆ ಕಡೆಯವರು ‘ಈ ಕಡೆಗೆ’ ಎಂದುಕೊಂಡಿದ್ದರು.

ಕಿತ್ತೂರ ಸೀಮೆಯವರಿಗೆ ಒಗ್ಗಟ್ಟಿನ ಪಾಠ ಹೊಸದಲ್ಲ. 1824ರ ಅಕ್ಟೋಬರದಲ್ಲಿ ಥ್ಯಾಕರೆಯ ದಂಡನ್ನು ಮುರಿದ ಕೋಟೆ ಆ ಡಿಸೆಂಬರದಲ್ಲಿಯೇ ಬಿದ್ದಿತು; ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಒಳಗಿನವರೇ ಕೆಡಿಸಿದರೆಂದು ಮಂದಿ ಇಂದಿಗೂ ಹೇಳುವರು. ಹೀಗಾಗಿ ಒಗ್ಗಟ್ಟು ಎಂದೊಡನೆ ನಮ್ಮ ಕಣ್ಣೆದುರು ಒಂದು ಕೋಟೆ, ಒಬ್ಬ ವೈರಿ ನಿಲ್ಲುತ್ತಾರೆ. ಆದರೆ ವೈರಿ ಅಗಸೆಯಲ್ಲಿ ನಿಂತಾಗ ಒಂದಾಗುವುದು ಅಷ್ಟೇನೂ ಕಠಿಣವಲ್ಲ. ನಮ್ಮೆರಡು ಪಕ್ಷಗಳು ತಮ್ಮ ತಮ್ಮೊಳಗೆ ಎಂಥ ಒಗ್ಗಟ್ಟಿನಿಂದಿದ್ದವು! ಒಂದು ಮಾತಿಗೆ ಹತ್ತು ಜನ ಓಡಿ ಬರುತ್ತಿದ್ದರು. ಅದರಲ್ಲಿ ಒಬ್ಬನೂ ಆಯಿಯ ಬಾಗಿಲಿಗೆ ಹೋಗಲಿಲ್ಲ.

ಕೊರಿಂಥದ ಸಭೆಗೆ ಪೌಲನು ಬರೆದ ಪತ್ರದಲ್ಲಿ ದೇಹ ಮತ್ತು ಅಂಗಗಳ ಉಪಮೆ ಎಲ್ಲರಿಗೂ ಗೊತ್ತಿದೆ. ಕಾಲಿಗೆ ಮುಳ್ಳು ನೆಟ್ಟರೆ ಬೆನ್ನು ಬಾಗುತ್ತದೆ, ಕಣ್ಣು ಹುಡುಕುತ್ತದೆ, ಕೈ ಕೀಳುತ್ತದೆ. ಅದಕ್ಕಾಗಿ ಯಾವ ಅಂಗವೂ ಕಮಿಟಿ ಕೂಡಿಸುವುದಿಲ್ಲ. ಆದರೆ ಈ ಉಪಮೆಗೆ ಮೊದಲಿನ ಅಧ್ಯಾಯದಲ್ಲಿ ಒಂದು ಊಟದ ಜಗಳವಿದೆ. ಅದನ್ನು ನಾವು ಅವಸರದಿಂದ ದಾಟಿಬಿಡುತ್ತೇವೆ. ಉಳ್ಳವರು ತಮ್ಮ ಬುತ್ತಿ ತಾವು ಮೊದಲೇ ಉಂಡುಬಿಡುವರು, ಇಲ್ಲದವರು ಹಸಿದೇ ಉಳಿಯುವರು. ಅದಕ್ಕೆ ಪೌಲನು ಹೇಳಿದ ಉಪಾಯ ತೀರ ಸಣ್ಣದು: ಊಟಕ್ಕೆ ಕೂಡಿದಾಗ ಒಬ್ಬರಿಗೊಬ್ಬರು ಕಾಯಬೇಕು. ಅಷ್ಟೇ.

ಅಂದು ರಾತ್ರಿ ಕಿಟ್ಟೆಲ್ ಪಾದ್ರಿಗಳ 1894ರ ನಿಘಂಟನ್ನು ತೆಗೆದು ಕುಳಿತೆ. ಕಾಯುವುದೆಂದರೆ ರಕ್ಷಿಸುವುದೂ ಹೌದು, ದಾರಿ ನೋಡುವುದೂ ಹೌದು. ದನ ಕಾಯುವವನು, ಹೊಲ ಕಾಯುವವನು, ಮೋಟಾರಿಗೆ ಕಾಯುವವನು, ಎಲ್ಲರಿಗೂ ಒಂದೇ ಮಾತು. ನಮ್ಮ ಭಾಷೆಯನ್ನು ಆಡಿದ ಹಿರಿಯರು ಇವೆರಡನ್ನು ಬೇರೆಯೆಂದು ಬಗೆಯಲಿಲ್ಲವೇನೋ. ಯಾರಿಗಾಗಿ ನಾವು ನಿಲ್ಲಲಾರೆವೋ ಅವರನ್ನು ರಕ್ಷಿಸುತ್ತೇವೆಂಬ ಮಾತು ಸುಳ್ಳು. (‘ಕಾಯು’ ಎಂದರೆ ಬಿಸಿಯಾಗುವುದೂ ಹೌದು. ಆ ಅರ್ಥದಲ್ಲಿ ನಮ್ಮ ಸಭೆ ಚೆನ್ನಾಗಿಯೇ ಕಾದಿತ್ತು.)

ಇನ್ನೊಂದು ತೊಡಕು ಉಳಿಯಿತು. ಆ ಮೂರು ವಾರ ಆಯಿಗೆ ಗಂಜಿ ಕುಡಿಸಿದವಳು, ಡಾಕ್ಟರರನ್ನು ಕರೆತಂದವಳು, ಮೊದಲು ಹೇಳಿದ ಆ ಹೆಣ್ಣುಮಗಳು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಪೌಲನ ದೇಹದಲ್ಲಿ ಆಕೆ ಯಾವ ಅಂಗ? ಸಭೆಯ ಹಿರಿಯರೊಬ್ಬರನ್ನು ಕೇಳಿದೆ. “ಆಕಿ ಒಳ್ಳೇಕಿ ಖರೆ, ಆದರ ನಮ್ಮಾಕಿ ಅಲ್ಲ” ಎಂದರು. ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮವರು ನಮ್ಮವರನ್ನು ಕಾಯಬೇಕು ಎಂಬ ವಿಧಿ ಒಳ್ಳೆಯದೇ. ಆದರೆ ‘ನಮ್ಮವರು’ ಎಂಬ ಗೆರೆ ಒಮ್ಮೆ ಎಳೆಯುವ ಕೈ ಅಲ್ಲಿಗೇ ನಿಲ್ಲುವುದಿಲ್ಲ. ಓಣಿಯನ್ನು ಹೊರಗಿಟ್ಟ ಅದೇ ಕೈ ಸಭೆಯೊಳಗೂ ಎರಡನೆಯ ಗೆರೆ ಎಳೆದಿತ್ತು.

ಎರಡೂ ಪಕ್ಷದವರು ಒಂದೇ ದಿನ ಆಯಿಯ ಮನೆಗೆ ಹೋದೆವು, ಹಣ್ಣು ಹಿಡಿದುಕೊಂಡು. ಆಕೆ ಯಾರನ್ನೂ ಬೈಯಲಿಲ್ಲ. ಎಲ್ಲರ ಮನೆಯ ಮಕ್ಕಳ ಹೆಸರು ಹಿಡಿದು ಕೇಳಿದಳು. ಪ್ರಾರ್ಥನೆಯಾಯಿತು. ಹೊರಡುವಾಗ ಹಿರಿಯರು, ಇನ್ನು ಮೇಲೆ ಮನೆಯ ಕೀಲಿಕೈ ಸಭೆಯವರ ಹತ್ತಿರ ಒಂದಿರಲಿ, ರಾತ್ರಿ ಹೊತ್ತು ಏನಾದರೂ ಆದರೆ ಬೇಕಾಗುತ್ತದೆ ಎಂದು ಮೆಲ್ಲಗೆ ಸೂಚಿಸಿದರು.

“ಅದು ಇರೋ ಕಡೆ ಐತೆಪಾ, ಇರ್ಲಿ ಬಿಡು” ಎಂದು ಆಯಿ ಪಕ್ಕದ ಮನೆಯ ಕಡೆ ನೋಡಿದಳು.

ಕೀಲಿಕೈ ಈಗಲೂ ಅಲ್ಲಿಯೇ, ಅಡಿಗೆಮನೆಯ ಗೂಟಕ್ಕೆ ತೂಗುತ್ತಿದೆ.