ನೆರೆ ಮತ್ತು ನೆರೆಯವ

ಕನ್ನಡದಲ್ಲಿ ‘ನೆರೆ’ ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ಕಾಮಗಾರಿಗಳ ಕಡತಗಳನ್ನು ಪರಿಶೀಲಿಸುವ ಜಲಾನಯನ ಯೋಜಕನ ಧರ್ಮಸಂಕಟವೆಲ್ಲ ಈ ಒಂದು ಮಾತಿನಲ್ಲಿದೆ.

ನಮ್ಮ ಮುಂಬಯಿಯ ಮೀಠೀ ನದಿಯನ್ನೇ ನೋಡಿ. ವಿಹಾರ, ಪೊವಾಯಿ ಕೆರೆಗಳ ಕೋಡಿಯ ನೀರನ್ನು ಹೊತ್ತು, ಸುಮಾರು 18 ಕಿಲೋಮೀಟರು ಹರಿದು, ಮಾಹಿಮಿನಲ್ಲಿ ಕಡಲು ಸೇರುವ ಹೊಳೆ ಅದು. ಅದರ ಮೇಲೆ ವಿಮಾನ ನಿಲ್ದಾಣದ ರನ್‌ವೇ ಹಾಯ್ದಿತು. ಅಳಿವೆಯ ಜೌಗು ತುಂಬಿ ಬಾಂದ್ರಾ-ಕುರ್ಲಾದ ಕಚೇರಿಗಳು ಎದ್ದವು. ಬೇರೆ ನೆಲೆಯಿಲ್ಲದವರು ದಡದಲ್ಲಿ ಜೋಪಡಿ ಹಾಕಿದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಸುರಿದಾಗ ಹೊಳೆ ತನ್ನ ಹಳೆಯ ಜಾಗಕ್ಕೆ ಮರಳಿತು.

ತಪ್ಪು ಮಳೆಯದೆನ್ನುವುದು ಸುಲಭ. ಬಿಡಿಯಾಗಿ ನೋಡಿದರೆ ಪ್ರತಿ ಕಾಮಗಾರಿಯೂ ಅವಶ್ಯವೇ. ‘ಇದೊಂದರಿಂದ ಏನಾದೀತು?’ ಎಂದು ಪ್ರತಿಯೊಂದು ಕಡತವೂ ಕೇಳುತ್ತದೆ. ಹನಿಹನಿಗೂಡಿದರೆ ಹಳ್ಳವೆಂಬ ಗಾದೆ ರುಜುಗಳಿಗೂ ಸಲ್ಲುತ್ತದೆ.

ಕಟ್ಟುವವನು ಕಚೇರಿಗೆ ಬಂದು ವಾದಿಸಬಲ್ಲ. ದಡದ ಜೋಪಡಿಯವನು ಬರಲಾರ. ಅವನ ಹೆಸರೇ ಕಡತದಲ್ಲಿಲ್ಲ. ‘ಇಲ್ಲಿ ಇಂಗುತ್ತಿದ್ದ ನೀರು ಇನ್ನು ಯಾರ ಮನೆಗೆ ಹೋಗುತ್ತದೆ?’ ಎಂದು ಅವನ ಪರವಾಗಿ ಪರಿಶೀಲಕನೇ ಕೇಳಬೇಕು. ಉತ್ತರ ಸಿಗುವವರೆಗೆ ರುಜು ಹಾಕದಿದ್ದರೆ ಹಟಮಾರಿ ಎಂದಾರು. ಎನ್ನಲಿ. ನೆರೆಯವನ ಋಣ ಅದಕ್ಕಿಂತ ದೊಡ್ಡದು.