ಗೆಲುವಿನಲ್ಲಿ ಗುರುವಿನ ಪಾಲು

ಗುರು ಕಲಿಸಿದ ವಿದ್ಯೆಯಿಂದ ಶಿಷ್ಯ ಗಳಿಸುವ ಫಲದಲ್ಲಿ ಗುರುವಿಗೆ ಎಷ್ಟು ಪಾಲು ಎಂಬುದು ಕರ್ಮವಿಚಾರದ ಹಳೆಯ ಪ್ರಶ್ನೆ. ಶಿಷ್ಯ ಸೋತರೆ ಆ ಸೋಲಿಗೂ ಗುರು ಹೊಣೆಯೇ ಎಂಬುದು ಅದರ ಇನ್ನೊಂದು ಮುಖ. ಚಾಂಪಿಯನ್ ಆಗಿದ್ದವರು ಕೋಚ್ ಆದಾಗ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಒಂದು ಕಾಲಕ್ಕೆ ಫಲವನ್ನು ತಾವೇ ಉಂಡವರು ಈಗ ಅಂಗಳದ ಗೆರೆಯಾಚೆ ಕುಳಿತು, ಇನ್ನೊಬ್ಬರ ಕೈಯಲ್ಲಿ ಆಗುವ ಕೆಲಸವನ್ನು ನೋಡುತ್ತಿರಬೇಕು. ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ ಅವರ ಬದುಕಿನಲ್ಲಿ ಈ ಪ್ರಶ್ನೆಯ ಎರಡೂ ಮುಖಗಳು ಕಾಣುತ್ತವೆ.

ಅವರ ಹೆಸರಿನಲ್ಲಿರುವ ಪಡುಕೋಣೆ ಈಗಿನ ಬೈಂದೂರು ತಾಲೂಕಿನ ಊರು. ಮರವಂತೆಯ ಸಮೀಪ, ಸೌಪರ್ಣಿಕಾ ನದಿಯ ಮಗ್ಗುಲಲ್ಲಿದೆ. ಪ್ರಕಾಶ್ 1955ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಅಲ್ಲೇ ಬೆಳೆದರು. ಆಟಕ್ಕೆ ಹಚ್ಚಿದವರು ತಂದೆ ರಮೇಶ್ ಪಡುಕೋಣೆ. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್ ಪ್ರಕಾಶ್ ಅವರ ಮೊದಲ ಅಂಗಳ. ಮದುವೆ ಇಲ್ಲದ ದಿನ ಆಟ. ಬಲಕ್ಕಿಂತ ಹಿಡಿತ, ವೇಗಕ್ಕಿಂತ ಲೆಕ್ಕಾಚಾರ ಅವರ ಆಟದ ಗುಣವಾಯಿತು. ಹದಿಹರೆಯದಲ್ಲಿ ಹಿರಿಯರ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದವರು ಅದನ್ನು ವರ್ಷಗಟ್ಟಲೆ ಬಿಟ್ಟುಕೊಡಲಿಲ್ಲ. 1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಬಂತು. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಲಿಯೆಮ್ ಅವರ ಬಲವೆಂದರೆ ನೆಗೆದು ಹೊಡೆಯುವ ಸ್ಮ್ಯಾಶ್. ಆ ಹೊಡೆತಕ್ಕೆ ಒದಗುವಂಥ ಷಟಲನ್ನೇ ಕೊಡದೆ, ಆಟದ ಗತಿಯನ್ನು ನಿಧಾನಕ್ಕಿಳಿಸಿ ಪ್ರಕಾಶ್ ಗೆದ್ದರು.

ನಿವೃತ್ತಿಯ ನಂತರ 1994ರಲ್ಲಿ ಪ್ರಕಾಶ್ ವಿಮಲ್ ಕುಮಾರ್ ಮೊದಲಾದವರೊಡನೆ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿ ಆರಂಭಿಸಿದರು. ಅಲ್ಲಿ ಅಭ್ಯಾಸ ಮಾಡಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಆದರೆ ಗೋಪಿಚಂದ್ ಅವರನ್ನು ತಿದ್ದಿದವರು ಹಲವರು: ಹೈದರಾಬಾದಿನಲ್ಲಿ ಎಸ್. ಎಂ. ಆರಿಫ್, ಆಮೇಲೆ ಪ್ರಕಾಶ್, ಮುಂದೆ ಗಂಗೂಲಿ ಪ್ರಸಾದ್. ಆಟಗಾರ್ತಿ ಸೈನಾ ನೆಹ್ವಾಲ್ 2014ರಲ್ಲಿ, ಆಗ ಕೋಚ್ ಆಗಿದ್ದ ಗೋಪಿಚಂದ್ ಅವರ ಬಳಿಯಿಂದ ವಿಮಲ್ ಕುಮಾರ್ ಅವರಲ್ಲಿಗೆ ಬಂದು, ಮರುವರ್ಷ ವಿಶ್ವದ ಅಗ್ರಶ್ರೇಯಾಂಕಕ್ಕೇರಿದರು. ಇಂಥ ಗೆಲುವನ್ನು ಒಬ್ಬ ಗುರುವಿನ ಲೆಕ್ಕಕ್ಕೆ ಬರೆದುಬಿಡಲು ಬರುವುದಿಲ್ಲ.

ಸೋಲಿನ ಲೆಕ್ಕ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎದುರಾಯಿತು. ಅಕಾಡೆಮಿಯಲ್ಲೇ ಬೆಳೆದ ಲಕ್ಷ್ಯ ಸೇನ್ ಕಂಚಿನ ಪಂದ್ಯದಲ್ಲಿ ಮಲೇಷ್ಯಾದ ಲೀ ಝೀ ಜಿಯಾ ವಿರುದ್ಧ ಮೊದಲ ಗೇಮನ್ನು 21-13ರಿಂದ ಗೆದ್ದರು. ಎರಡನೆಯದರಲ್ಲೂ 8-3ರಿಂದ ಮುಂದಿದ್ದರು. ಕೊನೆಗೆ 16-21, 11-21ರಿಂದ ಸೋತರು. ತಂಡದ ಮಾರ್ಗದರ್ಶಕರಾಗಿದ್ದ ಪ್ರಕಾಶ್, ಸರ್ಕಾರ ಮತ್ತು ಸಂಸ್ಥೆಗಳು ಬೇಕಾದ್ದನ್ನೆಲ್ಲ ಒದಗಿಸಿವೆ, ಇನ್ನು ಆಟಗಾರರೇ ಹೊಣೆ ಹೊರಬೇಕು ಎಂದರು. ಗೆದ್ದಾಗ ಶ್ರೇಯಕ್ಕೆ ಎಲ್ಲರೂ ಮುಂದೆ ಬರುತ್ತಾರೆ, ಸೋತಾಗ ತಪ್ಪು ಆಟಗಾರನದು ಮಾತ್ರವೇ ಎಂದು ಬ್ಯಾಡ್ಮಿಂಟನ್ ಆಟಗಾರ್ತಿ, ಕೊಡಗಿನ ಅಶ್ವಿನಿ ಪೊನ್ನಪ್ಪ ಕೇಳಿದರು. ಎರಡೂ ಮಾತಿನಲ್ಲಿ ಹುರುಳಿದೆ.

ಈ ವಿವಾದವನ್ನು ಬಿಡಿಸಲು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಒಂದು ಸಲಕರಣೆ ಇದೆ. ಯಾವುದೇ ಕರ್ಮ ನಡೆಯಲು ಐದು ಕಾರಣಗಳು ಬೇಕೆಂದು ಅದು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಆಟಕ್ಕೆ ಹೊಂದಿಸಿ ನೋಡಿದರೆ ಅಧಿಷ್ಠಾನವೆಂದರೆ ದೇಹ. ಕರಣವೆಂದರೆ ಇಂದ್ರಿಯಗಳು, ರಾಕೆಟ್ಟು. ಚೇಷ್ಟೆಯೆಂದರೆ ದಿನದಿನದ ಸಾಧನೆಯಲ್ಲಿ ಮೈಗೂಡಿದ ಚಲನೆಗಳು. ಇವನ್ನು ಹದಗೊಳಿಸುವುದರಲ್ಲಿ ಗುರುವಿನ ಕೈ ಇದೆ. ದೈವ ಇಬ್ಬರ ಕೈಯಲ್ಲೂ ಇಲ್ಲ. ಉಳಿಯುವುದು ಕರ್ತೃ. ಷಟಲ್ ಬರುವ ಕ್ಷಣದಲ್ಲಿ ಹೊಡೆಯುವುದೋ ತೇಲಿಸುವುದೋ ಎಂದು ನಿಶ್ಚಯಿಸುವವನು ಅವನು. ತಾನೊಬ್ಬನೇ ಎಲ್ಲವನ್ನೂ ಮಾಡಿದೆ ಎಂದುಕೊಳ್ಳುವವನಿಗೆ ತಿಳಿವು ಸಾಲದು ಎಂದೂ ಗೀತೆ ಅಲ್ಲೇ ಎಚ್ಚರಿಸುತ್ತದೆ. ಆ ಎಚ್ಚರ ಆಟಗಾರನಿಗೆ ಎಷ್ಟೋ ಕೋಚ್‌ಗೂ ಅಷ್ಟೇ.

ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಸಿದ್ಧಾಂತ ಕರ್ತೃವಿನ ಈ ಸ್ಥಾನವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅವರ ಪ್ರಕಾರ ಜೀವಾತ್ಮನ ಕರ್ತೃತ್ವ ನಿಜವಾದದ್ದು, ಆದರೆ ಸ್ವತಂತ್ರವಲ್ಲ. ಅದು ಹರಿಯ ಅಧೀನ. ಜೀವ ಕರ್ತೃವೇ ಅಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವಿರುವುದಿಲ್ಲ. ಗುರುವಿನ ಮಾತಿಗೂ ಇದು ಸಲ್ಲುತ್ತದೆ. ಮಾಡಬಲ್ಲವನಿಗೆ ಮಾತ್ರ ‘ಮಾಡು’ ಎನ್ನಬಹುದು. ಕಲಿಸುವ ಕ್ರಿಯೆಯೇ ಶಿಷ್ಯನ ಕರ್ತೃತ್ವವನ್ನು ಒಪ್ಪಿಕೊಂಡಿರುತ್ತದೆ.

ಆಟ ನಡೆಯುವಾಗ ಗುರುವಿನ ಕೈ ಎಷ್ಟು ದೂರ ತಲುಪುತ್ತದೆ ಎಂಬುದನ್ನು ಯಕ್ಷಗಾನದೊಡನೆ ಹೋಲಿಸಿ ನೋಡಬಹುದು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಹಾಡಿ ಆಟ ನಡೆಸುವ ಭಾಗವತರನ್ನು ಮೊದಲನೆಯ ವೇಷಧಾರಿ ಎನ್ನುತ್ತಾರೆ. ವೇಷ ಕುಣಿಯುವಷ್ಟು ಹೊತ್ತೂ ಭಾಗವತರ ತಾಳ ರಂಗದ ಮೇಲೇ ಇರುತ್ತದೆ. ಬ್ಯಾಡ್ಮಿಂಟನ್ ಕೋಚ್‌ಗೆ ಆ ಅನುಕೂಲವಿಲ್ಲ. ಹನ್ನೊಂದನೆಯ ಅಂಕದಲ್ಲಿ ಅರವತ್ತು ಸೆಕೆಂಡು, ಗೇಮುಗಳ ನಡುವೆ ನೂರಿಪ್ಪತ್ತು ಸೆಕೆಂಡು ಬಿಡುವು. ಷಟಲ್ ಆಟದಲ್ಲಿರುವಾಗ ಅವನು ಬಾಯಿ ತೆರೆಯುವಂತಿಲ್ಲ. 8-3ರಿಂದ ಮುಂದಿರುವ ಆಟ ಕೈಜಾರುವಾಗ ಅದನ್ನು ಹಿಡಿದು ನಿಲ್ಲಿಸಬೇಕಾದವನು ಅಂಗಳದಲ್ಲಿರುವವನೇ. ಹಾಗೆ ನಿಲ್ಲಿಸುವ ಸ್ಥೈರ್ಯವನ್ನು ವರ್ಷಗಳ ಸಾಧನೆಯಲ್ಲಿ ಬೆಳೆಸಬೇಕಾದವನು ಗುರು.

ಹೀಗೆ ನೋಡಿದಾಗ ಗುರುಶಿಷ್ಯರ ಪಾಲು ಸಮನಲ್ಲ. ಗುರುವಿನ ಹೊಣೆ ದೊಡ್ಡದು, ಹಕ್ಕು ಚಿಕ್ಕದು. ಕಲಿಕೆಯಲ್ಲಿ ಉಳಿದ ಕೊರತೆಗೆ ಅವನು ಉತ್ತರಿಸಬೇಕು. ಗೆಲುವನ್ನು ಮಾತ್ರ ತನ್ನದೆಂದು ಹೇಳಿಕೊಳ್ಳುವಂತಿಲ್ಲ. ಏಕಲವ್ಯನ ಹೆಬ್ಬೆರಳನ್ನು ಕೇಳಿದ ದ್ರೋಣ ತಾನು ಕಲಿಸದ ವಿದ್ಯೆಗೂ ದಕ್ಷಿಣೆ ಬಯಸಿದ. ಗುರುತ್ವ ಕೆಡುವುದು ಅಲ್ಲಿ. ಶಿಷ್ಯನಾದರೋ ಅಂಗಳದ ನಿರ್ಧಾರಕ್ಕೆ ತಾನೇ ಉತ್ತರಿಸಬೇಕು, ಗೆದ್ದಾಗ ಉಳಿದ ನಾಲ್ಕು ಕಾರಣಗಳನ್ನು ನೆನೆಯಬೇಕು. ಫಲದ ಆಸೆ ಬಿಟ್ಟು ಕೆಲಸ ಮಾಡಬೇಕೆಂಬ ಮಾತು ಚಾಂಪಿಯನ್ನನಿಗೆ ಕಷ್ಟದ ಆದರ್ಶ. ಕೋಚ್‌ಗೆ ಅದು ದಿನನಿತ್ಯದ ಸ್ಥಿತಿ: ಅವನ ಕರ್ಮದ ಫಲ ಯಾವಾಗಲೂ ಬೇರೊಬ್ಬರ ಕೈಯಲ್ಲೇ ಕಾಣಿಸಿಕೊಳ್ಳುತ್ತದೆ.